ಮರಿ ಮಾರಿಹೋದ ಮೇಲೆ ಬರುವ ಕಾಯಿಲೆ

ಪೆನ್ನಿ ಬಿದ್ದ ದಿನ ನಾನು ಅಲ್ಲೇ ಇದ್ದೆ. ಟೆಕ್ಸಾಸ್‌ನ ಆಗಸ್ಟ್ ತಿಂಗಳು. ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಮಗಳು ಸವಾರಿ ಕಲಿಯುವ ಲಾಯದ ಬೇಲಿಗೆ ಒರಗಿ ನಿಂತು ಅವಳ ಸರದಿಗೆ ಕಾಯುತ್ತಿದ್ದೆ. ಪೆನ್ನಿ ಕೆಂಚು ಬಣ್ಣದ ಹೆಣ್ಣು ಕುದುರೆ, ನಾಲ್ಕು ವರ್ಷ. ಲಾಯಕ್ಕೆ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಹಿಂದಿನ ದಿನ ಟ್ರೇಲರ್‌ನಲ್ಲಿ ಮೂರು ಗಂಟೆ ದೂರ ಹೋಗಿ ಬಂದಿದ್ದಳು.

ಮೊದಲು ಅವಳ ಪಕ್ಕೆಯ ಚರ್ಮ ಅದುರಿತು. ನೊಣ ಕೂತರೆ ಅದುರಿಸುತ್ತವಲ್ಲ, ಹಾಗೆ. ನೊಣ ಇರಲಿಲ್ಲ. ಅದುರುವುದು ನಿಲ್ಲಲೂ ಇಲ್ಲ. ಭುಜಕ್ಕೆ ಬಂತು, ಕುತ್ತಿಗೆಗೆ ಹತ್ತಿತು. ಚರ್ಮದ ಕೆಳಗೆ ಹುಳ ಹರಿದಾಡಿದ ಹಾಗೆ ಕಾಣುತ್ತಿತ್ತು. ಮೈಯೆಲ್ಲ ಬೆವರು. ಕಣ್ಣಿನ ಒಳಮೂಲೆಯಿಂದ ಒಂದು ಪೊರೆ ಸರಿದು ಬಂದು ಅರ್ಧ ಕಣ್ಣು ಮುಚ್ಚಿತು. ಆಮೇಲೆ ಹಿಂಗಾಲು ಸೋತು ನಾಯಿ ಕೂತ ಹಾಗೆ ಕೂತುಬಿಟ್ಟಳು. ಅಷ್ಟು ದೊಡ್ಡ ಪ್ರಾಣಿ ಹಾಗೆ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಉಸಿರು ಎಳೆದಾಗ ಗಂಟಲಲ್ಲಿ ಗೊರಗೊರ ಸದ್ದು. ಆದರೆ ಪ್ರಜ್ಞೆ ಪೂರ್ತಿ ಇತ್ತು. ನಾವು ಮಾತಾಡಿದ ಕಡೆಗೆ ಕಿವಿ ತಿರುಗಿಸುತ್ತಿದ್ದಳು. ಏಳಬೇಕು ಅಂತ ನೋಡುತ್ತಿದ್ದಳು, ಮೈ ಮಾತು ಕೇಳುತ್ತಿರಲಿಲ್ಲ.

ಪಶುವೈದ್ಯೆ ಬಂದು ರಕ್ತನಾಳಕ್ಕೆ ಕ್ಯಾಲ್ಸಿಯಂ ಹಾಕಿದರು. ಒಂದು ಗಂಟೆಯೊಳಗೆ ಪೆನ್ನಿ ಎದ್ದಳು, ಮೈ ಕೊಡವಿದಳು, ಏನೂ ಆಗದ ಹಾಗೆ ಹುಲ್ಲಿಗೆ ಬಾಯಿ ಹಾಕಿದಳು. ಲಾಯದ ಒಡತಿ ಮಾತ್ರ ಇನ್ನೂ ನಡುಗುತ್ತಿದ್ದರು. ವೈದ್ಯೆ ಪೆನ್ನಿಯ ಬಾಲದಿಂದ ಬುಡಸಮೇತ ಒಂದಷ್ಟು ಕೂದಲು ಕಿತ್ತು ಕವರಿಗೆ ಹಾಕಿಕೊಂಡರು. 'ನನಗೆ ಅನುಮಾನ ಇದೆ, ಲ್ಯಾಬ್ ಹೇಳಲಿ' ಅಂದರು.

ಸ್ವಲ್ಪ ದಿನದಲ್ಲಿ ರಿಪೋರ್ಟ್ ಬಂತು. ಎಚ್‌ವೈಪಿಪಿ, ಎನ್/ಎಚ್. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಸ್ನಾಯು ಸೋಲುವ, ವಂಶದಿಂದ ಬರುವ ಕಾಯಿಲೆ ಅದು. ಪೆನ್ನಿಯನ್ನು ಮಾರಿದ ಬ್ರೀಡರ್‌ಗೆ, ಅಂದರೆ ಕುದುರೆ ಮರಿ ಮಾಡಿಸಿ ಮಾರುವವನಿಗೆ, ಒಡತಿ ಫೋನ್ ಮಾಡಿದಾಗ ಆತ ಕೇಳಿದ ಮೊದಲ ಪ್ರಶ್ನೆ, 'ಲೂಸರ್ನ್ ಹಾಕಿದ್ರಾ? ಅದಕ್ಕೆ ಅದನ್ನು ಹಾಕಬಾರದು.' ಲೂಸರ್ನ್ ಒಂದು ಬಗೆಯ ಮೇವು. ಒಡತಿ ಫೋನ್ ಇಟ್ಟು ನಮ್ಮ ಕಡೆ ನೋಡಿದರು. ಅಂದರೆ ಆತನಿಗೆ ಗೊತ್ತಿತ್ತು.

ಈ ಒಂದು ಮಾತು ನನ್ನನ್ನು ತುಂಬ ದಿನ ಬಿಡಲಿಲ್ಲ. ಕುದುರೆಗೆ ಹಿಂಸೆ ಅಂದಾಗ ನಮ್ಮ ಕಣ್ಣ ಮುಂದೆ ಬರುವುದು ಚಾಟಿ, ಭಾರದ ಗಾಡಿ, ಎಲುಬು ಕಾಣುವ ಮೈ. ಪೆನ್ನಿಯ ಮೈಮೇಲೆ ಒಂದು ಗಾಯವೂ ಇರಲಿಲ್ಲ. ಹೊಳೆಯುವ ಕೂದಲು, ತುಂಬಿದ ಮೈಕಟ್ಟು. ಅವಳಿಗೆ ಆದ ಅನ್ಯಾಯ ಅವಳು ಹುಟ್ಟುವ ಹನ್ನೊಂದು ತಿಂಗಳ ಮೊದಲೇ ನಡೆದುಹೋಗಿತ್ತು. ಯಾವ ಗಂಡನ್ನು ಯಾವ ಹೆಣ್ಣಿಗೆ ಕೂಡಿಸಬೇಕು ಅಂತ ಒಬ್ಬ ಮನುಷ್ಯ ನಿರ್ಧಾರ ಮಾಡಿದ ದಿನವೇ. ಅದು ಹೇಗೆ ಅಂತ ಅರ್ಥ ಮಾಡಿಕೊಳ್ಳಬೇಕಾದರೆ 1969ಕ್ಕೆ ಹೋಗಬೇಕು.

ಆ ವರ್ಷ ಅಮೆರಿಕದಲ್ಲಿ ಇಂಪ್ರೆಸಿವ್ ಅನ್ನುವ ಗಂಡು ಮರಿ ಹುಟ್ಟಿತು. ಕ್ವಾರ್ಟರ್ ಹಾರ್ಸ್ ತಳಿ. ಕಾಲು ಮೈಲಿ ಓಟದಲ್ಲಿ ಚುರುಕು ಅಂತ ಆ ಹೆಸರು. ದನ ಕಾಯುವ ಕೌಬಾಯ್‌ಗಳ ನೆಚ್ಚಿನ ಕುದುರೆ ಇದು. ಅಲ್ಲಿ ಹಾಲ್ಟರ್ ಅಂತ ಒಂದು ಸ್ಪರ್ಧೆ ಇದೆ. ಕುದುರೆಗೆ ತಡಿ ಹಾಕುವುದಿಲ್ಲ, ಓಡಿಸುವುದಿಲ್ಲ. ಹಗ್ಗ ಹಿಡಿದು ತಂದು ನಿಲ್ಲಿಸುತ್ತಾರೆ, ತೀರ್ಪುಗಾರರು ಮೈಕಟ್ಟು ನೋಡಿ ಅಂಕ ಕೊಡುತ್ತಾರೆ. ನಮ್ಮ ದನಗಳ ಜಾತ್ರೆಯಲ್ಲಿ ಉತ್ತಮ ರಾಸುಗಳಿಗೆ ಬಹುಮಾನ ಕೊಡುತ್ತಾರಲ್ಲ, ಅದೇ ರೀತಿ. ಇಂಪ್ರೆಸಿವ್ 1974ರಲ್ಲಿ ಹಾಲ್ಟರ್ ವಿಭಾಗದ ವಿಶ್ವ ಚಾಂಪಿಯನ್ ಆದ. ಅಂಥ ತೊಡೆ, ಅಂಥ ಎದೆ ಯಾರೂ ನೋಡಿರಲಿಲ್ಲ ಅಂತ ಎಲ್ಲರೂ ಮಾತಾಡಿದರು.

ಆಮೇಲೆ ಊರೂರಿಂದ ಹೆಣ್ಣು ಕುದುರೆಗಳು ಅವನ ಹತ್ತಿರ ಬಂದವು. ಸುಮಾರು 2,250 ಮರಿಗಳಿಗೆ ಅವನು ಅಪ್ಪನಾದ. ಹೆಣ್ಣು ಕುದುರೆಗೆ ವರ್ಷಕ್ಕೆ ಒಂದೇ ಮರಿ, ಆದರೆ ಬೀಜದ ಕುದುರೆಗೆ ಹಾಗಿಲ್ಲ. ಆ ಮರಿಗಳೂ ಬಹುಮಾನ ಗೆದ್ದವು, ಅವುಗಳನ್ನೂ ಬೀಜಕ್ಕೆ ಬಿಟ್ಟರು. 1993ರ ಹೊತ್ತಿಗೆ ಅವನ ವಂಶದ ಕುದುರೆಗಳು 55,000 ಮೀರಿದ್ದವು ಅನ್ನುವ ಅಂದಾಜಿದೆ. ಒಬ್ಬನೇ ಅಜ್ಜ, ಒಂದು ಊರಿನಷ್ಟು ಮೊಮ್ಮಕ್ಕಳು!

ಎಂಬತ್ತರ ದಶಕದಲ್ಲಿ ಪಶುವೈದ್ಯರಿಗೆ ಒಂದು ವಿಚಿತ್ರ ಕಾಣತೊಡಗಿತು. ಗಟ್ಟಿಮುಟ್ಟಾದ ಕುದುರೆಗಳು ಇದ್ದಕ್ಕಿದ್ದ ಹಾಗೆ ನಡುಗಿ ಬೀಳುತ್ತಿದ್ದವು. ಕೆಲವು ಏಳುತ್ತಿದ್ದವು, ಕೆಲವು ಏಳುತ್ತಿರಲಿಲ್ಲ. ಹೊಟ್ಟೆನೋವು ಅಂದುಕೊಂಡರು, ಸ್ನಾಯು ಸೆಟೆತ ಅಂದುಕೊಂಡರು. ರಕ್ತ ಪರೀಕ್ಷೆ ಮಾಡಿದರೆ ಪೊಟ್ಯಾಸಿಯಂ ಏರಿರುತ್ತಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಶೆರನ್ ಸ್ಪಿಯರ್ ಮತ್ತು ಅವರ ಜೊತೆಗಾರರು ಈ ಕುದುರೆಗಳ ವಂಶಾವಳಿ ಬಿಡಿಸುತ್ತ ಹೋದರು. ಪ್ರತಿ ವಂಶಾವಳಿಯಲ್ಲೂ ಮೇಲೆ ಎಲ್ಲೋ ಒಂದು ಕಡೆ ಅದೇ ಹೆಸರು. 1992ರಲ್ಲಿ ಜೀನ್ ಸಿಕ್ಕಿತು, ಅದನ್ನು ಪತ್ತೆ ಹಚ್ಚುವ ಪರೀಕ್ಷೆಯೂ ಬಂತು. ಮನುಷ್ಯರಲ್ಲೂ ಇಂಥದ್ದೇ ಒಂದು ಅಪರೂಪದ ಕಾಯಿಲೆ ಇದೆ. ಅದಕ್ಕೆ ಕಾರಣವಾದ ಜೀನ್ ಗೊತ್ತಿದ್ದದ್ದರಿಂದ ಕುದುರೆಯಲ್ಲಿ ಎಲ್ಲಿ ಹುಡುಕಬೇಕು ಅನ್ನುವುದು ಸುಲಭವಾಯಿತು.

ಈಗ ಪೆನ್ನಿಯ ಮೈಯಲ್ಲಿ ಆದದ್ದೇನು ಅಂತ ನೋಡೋಣ. ಕೆರೆಯ ತೂಬನ್ನು ನೆನೆಸಿಕೊಳ್ಳಿ. ಬೇಕಾದಾಗ ಎತ್ತುತ್ತಾರೆ, ನೀರು ಗದ್ದೆಗೆ ಹೋಗುತ್ತದೆ, ಸಾಕಾದಾಗ ಮುಚ್ಚುತ್ತಾರೆ. ಸ್ನಾಯುವಿನ ಪ್ರತಿ ಎಳೆಯ ಹೊದಿಕೆಯಲ್ಲೂ ಇಂಥ ಸಣ್ಣ ಸಣ್ಣ ತೂಬುಗಳಿವೆ. ಅವುಗಳ ಮೂಲಕ ಸೋಡಿಯಂ ಒಳಗೆ ನುಗ್ಗಿದಾಗ ಸ್ನಾಯು ಬಿಗಿಯುತ್ತದೆ. ತೂಬು ಮುಚ್ಚಿಕೊಂಡಾಗ ಸ್ನಾಯು ಸಡಿಲವಾಗಿ ಮುಂದಿನ ಬಾರಿಗೆ ಸಿದ್ಧವಾಗುತ್ತದೆ. ತೂಬು ತೆರೆದು ಮುಚ್ಚುವುದು ಒಂದು ಸೆಕೆಂಡಿನ ಸಾವಿರದ ಕೆಲವೇ ಭಾಗಗಳಲ್ಲಿ ನಡೆದುಹೋಗುತ್ತದೆ. ಆ ತೂಬಿನ ಪ್ರೋಟೀನ್‌ನಲ್ಲಿ ಎರಡು ಸಾವಿರದ ಹತ್ತಿರ ಅಮೈನೋ ಆಮ್ಲಗಳ ಸರಪಳಿ ಇದೆ. ಇಂಪ್ರೆಸಿವ್ ವಂಶದಲ್ಲಿ ಆ ಸರಪಳಿಯ ಒಂದೇ ಒಂದು ಕೊಂಡಿ ಬದಲಾಗಿದೆ. ಫಿನೈಲ್‌ಅಲನೈನ್ ಇರಬೇಕಾದ ಜಾಗದಲ್ಲಿ ಲ್ಯೂಸಿನ್ ಕೂತಿದೆ. ಅಷ್ಟಕ್ಕೇ ತೂಬು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಸೋರುತ್ತದೆ.

ರಕ್ತದಲ್ಲಿ ಪೊಟ್ಯಾಸಿಯಂ ಏರಿದಾಗ ಸೋರುವುದು ಜಾಸ್ತಿಯಾಗುತ್ತದೆ. ಸ್ನಾಯು ತನ್ನಷ್ಟಕ್ಕೆ ತಾನೇ ಮಿಡಿಯತೊಡಗುತ್ತದೆ. ನಾನು ಕಂಡ ಅದುರು ಅದೇ. ಇನ್ನೂ ಸೋರಿದರೆ ಸ್ನಾಯು ಬಿಗಿಯುವುದಕ್ಕೂ ಆಗದೆ, ಸಡಿಲುವುದಕ್ಕೂ ಆಗದೆ ಕೈಕೊಡುತ್ತದೆ. ಕಾಲಿಂಗ್ ಬೆಲ್ಲಿನ ಗುಂಡಿಯನ್ನು ಯಾರೋ ಒತ್ತಿ ಹಿಡಿದೇ ಇದ್ದರೆ ನೀವು ಮತ್ತೆ ಒತ್ತಲು ಆಗುವುದಿಲ್ಲ, ಅಲ್ವಾ? ಹಾಗೆ. ಮಿದುಳು ಏಳು ಅಂದರೂ ಕಾಲು ಏಳುವುದಿಲ್ಲ. ಗಂಟಲಿನ ಸ್ನಾಯು ಸೋತರೆ ಉಸಿರು ಕಟ್ಟುತ್ತದೆ. ಪೊಟ್ಯಾಸಿಯಂ ತೀರ ಏರಿದರೆ ಹೃದಯವೇ ನಿಲ್ಲುತ್ತದೆ. ಇದೆಲ್ಲ ನಡೆಯುವಾಗ ಕುದುರೆಗೆ ಪೂರ್ತಿ ಎಚ್ಚರ ಇರುತ್ತದೆ ಅನ್ನುವುದೇ ನನ್ನನ್ನು ಹೆಚ್ಚು ಕಾಡುವುದು. ಕುದುರೆ ಹೆದರಿದರೆ ಓಡುವ ಪ್ರಾಣಿ. ಅದರ ಪ್ರಾಣ ಉಳಿಸುವುದೇ ಕಾಲು. ಎಚ್ಚರ ಇದ್ದೂ ಕಾಲು ಇಲ್ಲವಾದರೆ ಅದಕ್ಕೆ ಹೇಗಾಗಬೇಡ?

ಪೊಟ್ಯಾಸಿಯಂ ಎಲ್ಲಿಂದ ಬರುತ್ತದೆ? ಮೇವಿನಿಂದ. ಲೂಸರ್ನ್ ಅಂದರೆ ನಮ್ಮ ರೈತರು ಕುದುರೆ ಮಸಾಲೆ ಸೊಪ್ಪು ಅನ್ನುತ್ತಾರಲ್ಲ, ಅದೇ. ಬೇರೆ ಕುದುರೆಗೆ ಅದು ಬಲ ಕೊಡುವ ಮೇವು, ಹೆಸರಲ್ಲೇ ಕುದುರೆ ಇದೆ. ಪೆನ್ನಿಗೆ ಅದೇ ವಿಷ. ಕಬ್ಬಿನ ಕಾಕಂಬಿ ಬೆರೆಸಿದ ಹಿಂಡಿಯೂ ಆಗುವುದಿಲ್ಲ. ಉಪವಾಸ ಬಿದ್ದರೆ, ದೂರ ಪ್ರಯಾಣ ಮಾಡಿದರೆ, ಅರಿವಳಿಕೆ ಕೊಟ್ಟರೆ ಕೂಡ ಹೀಗಾಗಬಹುದು. ಆ ಆಗಸ್ಟ್ ದಿನ ಪೆನ್ನಿಗೆ ಎರಡೂ ಸೇರಿದ್ದವು. ಹಿಂದಿನ ದಿನದ ಟ್ರೇಲರ್, ಬೆಳಿಗ್ಗೆ ಹೊಸದಾಗಿ ಬಿಚ್ಚಿದ ಲೂಸರ್ನ್ ಕಟ್ಟು.

ಇನ್ನು ಎನ್/ಎಚ್ ಅನ್ನುವ ಆ ಗುರುತು. ಪ್ರತಿ ಜೀನೂ ಜೋಡಿಯಾಗಿ ಬರುತ್ತದೆ, ಒಂದು ಅಪ್ಪನದು, ಒಂದು ಅಮ್ಮನದು. ಎನ್ ಅಂದರೆ ಸರಿಯಾದದ್ದು, ಎಚ್ ಅಂದರೆ ಕೆಟ್ಟದ್ದು. ಈ ಕಾಯಿಲೆಗೆ ಒಂದೇ ಎಚ್ ಸಾಕು. ಎನ್/ಎಚ್ ಕುದುರೆಯನ್ನು ಕಾಯಿಲೆ ಇಲ್ಲದ ಕುದುರೆಗೆ ಕೂಡಿಸಿದರೆ ಮರಿಗೆ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಎರಡೂ ಎನ್/ಎಚ್ ಆದರೆ ನಾಲ್ಕರಲ್ಲಿ ಮೂರು ಪಾಲು, ಅದರಲ್ಲೂ ಒಂದು ಪಾಲು ಎಚ್/ಎಚ್ ಆಗಿ ಇನ್ನೂ ಜೋರಾಗಿ ಬರುತ್ತದೆ. ಎಚ್/ಎಚ್ ಗಂಡಿಗೆ ಬಿಟ್ಟರಂತೂ ಹುಟ್ಟುವ ಮರಿಗಳೆಲ್ಲಕ್ಕೂ ಗ್ಯಾರಂಟಿ.

ಇಷ್ಟು ಸರಳವಾದ ಲೆಕ್ಕ. ಒಂದು ಹಿಡಿ ಕೂದಲು, ಕೆಲವು ಹತ್ತು ಡಾಲರ್ ಖರ್ಚು. ಕಾಯಿಲೆ ಇರುವ ಕುದುರೆಗಳನ್ನು ಕೊಲ್ಲಬೇಕಾಗಿರಲಿಲ್ಲ. ಮರಿ ಮಾಡಿಸದೆ ಇದ್ದರೆ ಸಾಕಿತ್ತು. 1992ರ ನಂತರ ಒಂದು ತಲೆಮಾರಿನಲ್ಲಿ ಇದು ಮುಗಿದುಹೋಗಬಹುದಿತ್ತು. ಮುಗಿಯಲಿಲ್ಲ. ಯಾಕೆ?

ಮೊದಲನೆಯದಾಗಿ, ಬಹುಮಾನ. 1994ರಲ್ಲಿ ಪಶುವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ ತೋರಿಸಿದ್ದು ಇದನ್ನೇ. ತೀರ್ಪುಗಾರರು ಈ ಕಾಯಿಲೆ ಇರುವ ಕುದುರೆಗಳಿಗೇ ಮೇಲಿನ ಸ್ಥಾನ ಕೊಡುತ್ತಿದ್ದರು. ಅವರಿಗೆ ಕಾಯಿಲೆ ಕಾಣುತ್ತಿರಲಿಲ್ಲ, ಉಬ್ಬಿದ ಮೈಕಟ್ಟು ಕಾಣುತ್ತಿತ್ತು. ಬಹುಮಾನ ಸಿಕ್ಕಿದ ಮೇಲೆ ಬೀಜಕ್ಕೆ ಬೇಡಿಕೆ ಬಂದೇ ಬರುತ್ತದೆ.

ಎರಡನೆಯ ಕಾರಣ ನನ್ನ ಮಟ್ಟಿಗೆ ಇನ್ನೂ ದೊಡ್ಡದು. ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಮರಿ ಹಾಲು ಬಿಡುವುದು ನಾಲ್ಕರಿಂದ ಆರು ತಿಂಗಳಿಗೆ. ಬ್ರೀಡರ್‌ಗಳು ತುಂಬ ಮರಿಗಳನ್ನು ಮಾರುವುದೂ ಆ ಹೊತ್ತಿಗೇ, ಇಲ್ಲವೇ ಒಂದು ವರ್ಷದೊಳಗೆ. ಎಚ್‌ವೈಪಿಪಿ ಸಾಮಾನ್ಯವಾಗಿ ಮೊದಲು ತಲೆ ಎತ್ತುವುದು ಎರಡು ಮೂರು ವರ್ಷದ ಹೊತ್ತಿಗೆ. ಅಂದರೆ ಬ್ರೀಡರ್‌ನ ಲೆಕ್ಕದ ಪುಸ್ತಕ ಮುಚ್ಚಿದ ಮೇಲೆ ಕುದುರೆಯ ನೋವು ಶುರುವಾಗುತ್ತದೆ. ಬಿದ್ದ ಕುದುರೆಯ ಪಕ್ಕ ರಾತ್ರಿಯಿಡೀ ಕೂರುವವರು ಬೇರೆ ಯಾರೋ. ವೈದ್ಯರ ಬಿಲ್ಲು ಕಟ್ಟುವವರು ಬೇರೆ ಯಾರೋ. ತಪ್ಪು ಮಾಡಿದವನಿಗೆ ಅದರ ಬಿಸಿ ತಟ್ಟುವುದೇ ಇಲ್ಲ.

ಇದೊಂದೇ ಕಾಯಿಲೆಯ ಕಥೆ ಅಲ್ಲ. ಅದೇ ಕ್ವಾರ್ಟರ್ ಹಾರ್ಸ್‌ಗಳಲ್ಲಿ ಹೆರ್ಡಾ ಅಂತ ಇನ್ನೊಂದಿದೆ. ಚರ್ಮದ ಪದರಗಳನ್ನು ಹಿಡಿದಿಡುವ ಅಂಟೇ ಸರಿ ಇರುವುದಿಲ್ಲ. ಮರಿ ಚೆನ್ನಾಗಿ ಆಡಿಕೊಂಡಿರುತ್ತದೆ. ಎರಡು ವರ್ಷಕ್ಕೆ ಮೊದಲ ಸಲ ತಡಿ ಹಾಕಿ ಸವಾರಿ ಕಲಿಸುವಾಗ ಬೆನ್ನಿನ ಚರ್ಮ ಕಿತ್ತು ಬರುತ್ತದೆ. ಗಾಯ ಸರಿಯಾಗಿ ಮಾಯುವುದಿಲ್ಲ. ಅದಕ್ಕೆ ಔಷಧಿಯೂ ಇಲ್ಲ. ಹೆಚ್ಚಿನವಕ್ಕೆ ದಯಾಮರಣವೇ ಗತಿ. ಇಲ್ಲಿಯೂ ಮಾರಾಟ ಮೊದಲು, ಕಾಯಿಲೆ ಆಮೇಲೆ.

ಹೆರ್ಡಾ ಬರುವ ರೀತಿ ಮಾತ್ರ ಬೇರೆ. ಅದಕ್ಕೆ ಕೆಟ್ಟ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕು. ಒಂದೇ ಬಂದರೆ ಕುದುರೆಗೆ ಏನೂ ಆಗುವುದಿಲ್ಲ, ಆದರೆ ಮುಂದಕ್ಕೆ ದಾಟಿಸುತ್ತದೆ. ನಮಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಮನೆಗಳಲ್ಲಿ ಡಾಕ್ಟರು ಯಾಕೆ ಎಚ್ಚರಿಸುತ್ತಾರೆ? ಒಂದೇ ಅಜ್ಜಿಯಿಂದ ಬಂದ ಒಂದೇ ಕೆಟ್ಟ ಜೀನ್ ಎರಡೂ ಕಡೆ ಅಡಗಿರಬಹುದು, ಮಗುವಿನಲ್ಲಿ ಜೊತೆಯಾಗಬಹುದು ಅಂತ. ಕುದುರೆ ಬ್ರೀಡರ್‌ಗಳಲ್ಲಿ ಕೆಲವರು ಒಳ್ಳೆಯ ವಂಶ ಗಟ್ಟಿ ಮಾಡುತ್ತೇವೆ ಅಂತ ಬೇಕಂತಲೇ ಅಜ್ಜನನ್ನು ಮೊಮ್ಮಗಳಿಗೆ, ಅಣ್ಣನನ್ನು ತಂಗಿಗೆ ಕೂಡಿಸುತ್ತಾರೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುವುದು ಚೆಲುವಿಗೆ ಮಾತ್ರ ಅನ್ವಯಿಸುವುದಿಲ್ಲ.

ಅರೇಬಿಯನ್ ಕುದುರೆಗಳಲ್ಲಿ ಸ್ಕಿಡ್ ಅನ್ನುವ ಕಾಯಿಲೆ ಕೂಡ ಇದೇ ಬಗೆಯದು. ಮರಿಗೆ ರೋಗದ ಜೊತೆ ಹೋರಾಡುವ ಶಕ್ತಿಯೇ ಇರುವುದಿಲ್ಲ. ಇದರಲ್ಲಿ ಕರುಳು ಚುರುಕ್ ಅನ್ನಿಸುವ ಒಂದು ವಿಷಯ ಇದೆ. ಹುಟ್ಟಿದ ಮರಿ ತಾಯಿಯ ಗಿಣ್ಣುಹಾಲು ಕುಡಿಯುತ್ತದೆ. ಆ ಹಾಲಿನಲ್ಲಿ ತಾಯಿಯ ರಕ್ಷಣೆ ಇರುತ್ತದೆ. ಹಾಗಾಗಿ ಮರಿ ಒಂದೆರಡು ತಿಂಗಳು ಕುಣಿದಾಡಿಕೊಂಡು ಇರುತ್ತದೆ. ತಾಯಿ ಕೊಟ್ಟದ್ದು ಖರ್ಚಾಗುತ್ತ ಬಂದ ಹಾಗೆ ಮೂಗು ಸೋರುತ್ತದೆ, ಕೆಮ್ಮು ಬರುತ್ತದೆ, ನ್ಯುಮೋನಿಯಾ ಆಗುತ್ತದೆ. ಐದಾರು ತಿಂಗಳು ತುಂಬುವುದರೊಳಗೆ ಸಾಯುತ್ತದೆ. 1997ರಿಂದ ಇದಕ್ಕೂ ಪರೀಕ್ಷೆ ಇದೆ. ಅದಾದ ಮರುವರ್ಷದ ಒಂದು ಸಮೀಕ್ಷೆಯಲ್ಲಿ ಅಮೆರಿಕದ ಅರೇಬಿಯನ್‌ಗಳಲ್ಲಿ ನೂರಕ್ಕೆ ಸುಮಾರು 8 ಕುದುರೆಗಳು ಈ ಜೀನ್ ಹೊತ್ತಿದ್ದವು. ಅಂಥ ಎರಡನ್ನು ಒಟ್ಟಿಗೆ ಕೂಡಿಸದೆ ಇದ್ದರೆ ಒಂದು ಮರಿಯೂ ಹಾಗೆ ಸಾಯುವುದಿಲ್ಲ.

ಪೇಂಟ್ ಕುದುರೆಗಳದ್ದು ಇನ್ನೊಂದು ಬಗೆ. ಮೈಮೇಲಿನ ಬಿಳಿ ಮಚ್ಚೆಯ ಸುತ್ತ ಗಾಢ ಬಣ್ಣದ ಚೌಕಟ್ಟು ಹಾಕಿದ ಹಾಗೆ ಕಾಣುವ ಬಣ್ಣಕ್ಕೆ ಫ್ರೇಮ್ ಓವರೋ ಅಂತಾರೆ. ಜನ ಅದಕ್ಕೆ ಮುಗಿಬೀಳುತ್ತಾರೆ. ಆ ಬಣ್ಣದ ಎರಡನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು ಪಾಲು ಅಪ್ಪಟ ಬಿಳಿ ಮರಿ ಹುಟ್ಟುವ ಸಾಧ್ಯತೆ. ನೀಲಿ ಕಣ್ಣು, ಹಾಲಿನಂಥ ಮೈ. ಎದ್ದು ನಿಲ್ಲುತ್ತದೆ, ಹಾಲು ಕುಡಿಯುತ್ತದೆ. ಆದರೆ ಅದರ ಕರುಳಿನಲ್ಲಿ ನರಕೋಶಗಳೇ ಬೆಳೆದಿರುವುದಿಲ್ಲ. ಕುಡಿದದ್ದು ಮುಂದೆ ಹೋಗುವುದಿಲ್ಲ. ಹೊಟ್ಟೆ ಉಬ್ಬಿ, ನೋವಿಗೆ ನೆಲಕ್ಕೆ ಬಿದ್ದು ಹೊರಳಾಡಿ, ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ಬಣ್ಣದ ಆಸೆಗೆ! ಕೆಲವು ಕುದುರೆಗಳಲ್ಲಿ ಈ ಜೀನ್ ಇದ್ದೂ ಮಚ್ಚೆ ಕಾಣದೆ ಇರಬಹುದು. ಅದಕ್ಕೇ ಕಣ್ಣಲ್ಲಿ ನೋಡಿದರೆ ಸಾಲದು, ಕೂದಲು ಕಳಿಸಲೇಬೇಕು.

ನಮ್ಮ ಕಡೆ ಎತ್ತು ಕೊಳ್ಳಲು ಹೋದವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ. ಕುದುರೆಗೂ ಸುಳಿ ನೋಡುತ್ತಿದ್ದರು. ಆ ಕಾಲಕ್ಕೆ ಅವರ ಕೈಯಲ್ಲಿ ಇದ್ದದ್ದು ಅಷ್ಟೇ. ಈಗ ನಮ್ಮ ಕೈಯಲ್ಲಿ ಅದಕ್ಕಿಂತ ಎಷ್ಟೋ ಖಚಿತವಾದ ದಾರಿ ಇದೆ. ಇದ್ದೂ ಬಳಸದವರನ್ನು ಅಜ್ಞಾನಿಗಳು ಅಂತ ಬಿಟ್ಟುಬಿಡಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ನಿಯಮ ಇಲ್ಲವಾ ಅಂತ ಕೇಳಬಹುದು. ಇವೆ, ನಿಧಾನವಾಗಿ ಬಂದವು. ಅಮೆರಿಕನ್ ಕ್ವಾರ್ಟರ್ ಹಾರ್ಸ್ ಅಸೋಸಿಯೇಷನ್ 1998ರಿಂದ ಹುಟ್ಟಿದ ಇಂಪ್ರೆಸಿವ್ ವಂಶದ ಮರಿಗಳ ನೋಂದಣಿ ಪತ್ರದಲ್ಲಿ ಈ ಕಾಯಿಲೆಯ ಬಗ್ಗೆ ನಮೂದಿಸಲು ಶುರುಮಾಡಿತು. 2007ರಿಂದ ಹುಟ್ಟಿದ ಎಚ್/ಎಚ್ ಮರಿಗಳಿಗೆ ನೋಂದಣಿಯೇ ಇಲ್ಲ ಅಂತ ಮಾಡಿತು. 2015ರಿಂದ ಬೀಜದ ಕುದುರೆಗಳೆಲ್ಲಕ್ಕೂ ಐದು ವಂಶಪಾರಂಪರ್ಯ ಕಾಯಿಲೆಗಳ ಪರೀಕ್ಷೆ ಕಡ್ಡಾಯವಾಯಿತು. ಪರೀಕ್ಷೆ ಬಂದು ಹದಿನೈದು ವರ್ಷ ಆದ ಮೇಲೆ ಎಚ್/ಎಚ್‌ಗೆ ಬಾಗಿಲು ಮುಚ್ಚಿದರು. ಎನ್/ಎಚ್‌ಗೆ ಮುಚ್ಚಲಿಲ್ಲ. ಪರೀಕ್ಷೆ ಮಾಡಿಸಿ ಅಂದರು, ಫಲಿತಾಂಶ ನೋಡಿ ಕೂಡಿಸಬೇಡಿ ಅನ್ನಲಿಲ್ಲ. ಇದು ನನಗೆ ಅರೆಮನಸ್ಸಿನ ಕೆಲಸ ಅನ್ನಿಸುತ್ತದೆ. ಮೇಲಾಗಿ ಈ ನಿಯಮಗಳು ನೋಂದಣಿ ಮಾಡಿಸುವವರಿಗೆ ಮಾತ್ರ. ಪೆನ್ನಿಯನ್ನು ಮಾರಿದ ಬ್ರೀಡರ್ ಹೇಳಿದ್ದು, 'ಪೇಪರ್ ಇಲ್ಲ, ಅದಕ್ಕೇ ಕಮ್ಮಿ ಬೆಲೆ.' ಪೇಪರ್ ಇಲ್ಲ ಅನ್ನುವುದು ಸುಮ್ನೆ ಒಂದು ಕೊರತೆ ಅಂದುಕೊಂಡಿದ್ದೆವು. ಪೇಪರ್ ಮಾಡಿಸದೆ ಇರುವುದಕ್ಕೆ ಕಾರಣವೂ ಇರಬಹುದು ಅಂತ ಹೊಳೆದಿರಲಿಲ್ಲ.

ಸರ್ಕಾರದ ಕಾನೂನುಗಳಲ್ಲಿ ಜರ್ಮನಿಯದು ಸ್ಪಷ್ಟವಾಗಿದೆ. ಅಲ್ಲಿನ ಪ್ರಾಣಿ ರಕ್ಷಣಾ ಕಾಯ್ದೆಯ 11ಬಿ ಕಲಂ ಪ್ರಕಾರ, ಹುಟ್ಟುವ ಮರಿಗೆ ವಂಶದಿಂದಲೇ ನೋವು, ಸಂಕಟ ಬರುತ್ತದೆ ಅಂತ ನಿರೀಕ್ಷಿಸಬಹುದಾದರೆ ಅಂಥ ತಳಿ ಬೆಳೆಸುವುದೇ ನಿಷೇಧ. ಅವರ ಭಾಷೆಯಲ್ಲಿ ಇದಕ್ಕೆ ಒಂದು ಪದವೇ ಇದೆ, ಕ್ವಾಲ್‌ತ್ಸುಖ್ಟ್. ಹಿಂಸೆಯ ತಳಿ ಅನ್ನಬಹುದು. ನಮ್ಮ ದೇಶದ ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು. ಹೊಡೆಯುವುದು, ಮಿತಿಮೀರಿ ದುಡಿಸುವುದು, ಮೇವು ನೀರು ಕೊಡದೆ ಇರುವುದು, ಹೀಗೆ ಅದರ 11ನೇ ಕಲಂನಲ್ಲಿ ಪಟ್ಟಿಯೇ ಇದೆ. ಕೂಡಿಸುವ ಹೊತ್ತಿನ ತಪ್ಪು ಆ ಪಟ್ಟಿಯಲ್ಲಿ ಇಲ್ಲ. ಇರುವ ತಪ್ಪುಗಳಿಗಾದರೂ ಮೊದಲ ಸಲಕ್ಕೆ ಕಾಯ್ದೆ ಹೇಳುವ ದಂಡ 10 ರೂಪಾಯಿಯಿಂದ 50 ರೂಪಾಯಿ. ಓದುವಾಗ ತಪ್ಪಾಗಿ ಅಚ್ಚಾಗಿದೆಯಾ ಅಂತ ಎರಡು ಸಲ ನೋಡಿದ್ದೆ.

ನಮ್ಮ ಕುಣಿಗಲ್‌ನಲ್ಲಿ ಟಿಪ್ಪು ಕಾಲದಿಂದ ಕುದುರೆ ಸಾಕಿದ ಚರಿತ್ರೆ ಇದೆ. ರೇಸ್ ಕುದುರೆಗಳ ವಂಶಾವಳಿ ಬರೆದಿಡುವ ಸಂಸ್ಥೆ ಪುಣೆಯಲ್ಲಿದೆ. ಅಪ್ಪ ಅಮ್ಮ ಯಾರು ಅನ್ನುವುದನ್ನು ಡಿಎನ್‌ಎ ಮೂಲಕವೇ ಖಚಿತ ಮಾಡುತ್ತಾರೆ. ರಾಜಸ್ಥಾನದ ಮಾರ್ವಾರಿ, ಗುಜರಾತಿನ ಕಾಠಿಯಾವಾಡಿ ಕುದುರೆಗಳನ್ನು ಈಗ ದಕ್ಷಿಣದಲ್ಲೂ ಆಸೆಪಟ್ಟು ಸಾಕುತ್ತಾರೆ. ಅಂಥವರಿಗೆ ನಾನು ಹೇಳುವುದು ಇಷ್ಟೇ. ವಂಶಾವಳಿಯ ಕಾಗದ ಮತ್ತು ಆರೋಗ್ಯದ ಕಾಗದ ಬೇರೆ ಬೇರೆ. ಅಪ್ಪ ಯಾರು ಅಂತ ತಿಳಿದ ಮಾತ್ರಕ್ಕೆ ಅಪ್ಪ ಏನು ದಾಟಿಸಿದ ಅಂತ ತಿಳಿಯುವುದಿಲ್ಲ. ಇಂಪ್ರೆಸಿವ್‌ನ ಮಕ್ಕಳ ವಂಶಾವಳಿ ಪತ್ರಗಳಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಬೇಜವಾಬ್ದಾರಿ ಬ್ರೀಡರ್‌ನ ಕೆಲಸ ಜೀನಿಗೆ ಮುಗಿಯುವುದಿಲ್ಲ. ಕಣ್ಣಿಗೆ ಕಾಣುವ ಗುರುತುಗಳೂ ಇರುತ್ತವೆ. ಪೆನ್ನಿ ವಿಷಯ ಗೊತ್ತಾದ ಮೇಲೆ ಒಡತಿ ಆ ಬ್ರೀಡರ್‌ನ ಜಾಗಕ್ಕೆ ಹೋದರು, ಜೊತೆಗೆ ನಾನೂ ಹೋದೆ. ರಸ್ತೆ ಬದಿಯ ಬೇಲಿಯೊಳಗೆ ಆರೇಳು ಹೆಣ್ಣು ಕುದುರೆಗಳು. ಎಲ್ಲ ಗಬ್ಬದವು, ಇಲ್ಲವೇ ಮರಿ ಕಾಲಡಿಯಲ್ಲಿರುವವು. ಒಂದರ ಗೊರಸು ಬೆಳೆದು ಮುಂದಕ್ಕೆ ಡೊಂಕಾಗಿ ಹಳೇ ಕಾಲದ ಮೊಜಡಿಯ ತುದಿಯ ಹಾಗೆ ಮೇಲೆದ್ದಿತ್ತು. ಗೊರಸನ್ನು ಆರೆಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಆ ಗೊರಸಿಗೆ ಯಾರಾದರೂ ಕೈ ಹಾಕಿ ವರ್ಷವಾದರೂ ಆಗಿರಬೇಕು. ಮರಿಗೆ ಹಾಲುಣಿಸುತ್ತಿದ್ದ ಒಂದರ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು.

ಎಲುಬು ಕಾಣುವುದಕ್ಕೂ ಒಂದು ಅಳತೆ ಇದೆ. 1983ರಲ್ಲಿ ಟೆಕ್ಸಾಸ್‌ನಲ್ಲೇ ಡಾನ್ ಹೆನಕ್ ಅನ್ನುವವರು ಮಾಡಿದ್ದು. ಕುತ್ತಿಗೆ, ಬೆನ್ನು, ಪಕ್ಕೆ, ಭುಜ, ಬಾಲದ ಬುಡ ಮುಟ್ಟಿ ನೋಡಿ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. 1 ಅಂದರೆ ಬರೀ ಚಕ್ಕಳ ಮೂಳೆ, 9 ಅಂದರೆ ಅತಿ ಬೊಜ್ಜು, 5 ಸರಿಯಾದದ್ದು. ಇದರಿಂದ ಆದ ಉಪಕಾರ ಏನೆಂದರೆ, ದೂರು ಕೊಡುವವರು 'ಪಾಪ, ಬಡಕಲಾಗಿದೆ' ಅನ್ನುವ ಬದಲು ಒಂದು ಅಂಕ ಹೇಳಬಹುದು. ಅಮೆರಿಕದ ನ್ಯಾಯಾಲಯಗಳಲ್ಲೂ ಈ ಅಂಕಕ್ಕೆ ಬೆಲೆ ಇದೆ.

ವರ್ಷ ವರ್ಷ ಬಿಡದೆ ಮರಿ ಹಾಕಿಸುವುದರ ಹಿಂದೆಯೂ ಒಂದು ಲೆಕ್ಕ ಇದೆ. ಹೆಣ್ಣು ಕುದುರೆ ಗಬ್ಬ ಹೊರುವುದು ಸುಮಾರು 340 ದಿನ. ಮರಿ ಹಾಕಿದ ಒಂದು ವಾರದಿಂದ ಹನ್ನೆರಡು ದಿನದೊಳಗೆ ಅದು ಮತ್ತೆ ಬೆದೆಗೆ ಬರುತ್ತದೆ. ದುಡ್ಡಿನ ಮೇಲೇ ಕಣ್ಣಿಟ್ಟವರು ಆಗಲೇ ಮತ್ತೆ ಗಂಡಿಗೆ ಬಿಡುತ್ತಾರೆ. ಒಂದು ಮರಿಗೆ ಹಾಲು ಕೊಡುತ್ತ, ಇನ್ನೊಂದನ್ನು ಹೊಟ್ಟೆಯಲ್ಲಿ ಬೆಳೆಸುತ್ತ ಇರುವ ತಾಯಿಗೆ ಮೇವು ಬಹಳ ಬೇಕು. ಅದನ್ನೂ ಸರಿಯಾಗಿ ಹಾಕದಿದ್ದರೆ ತಾಯಿ ತನ್ನ ಮೈಯನ್ನೇ ಕರಗಿಸಿ ಹಾಲು ಮಾಡುತ್ತದೆ. ನಾವು ಎಣಿಸಿದ ಪಕ್ಕೆಲುಬುಗಳು ಅವೇ.

ಮರಿ ಹಾಕುವ ಹೊತ್ತಿಗೆ ಯಾರಾದರೂ ಇರುತ್ತಾರಾ ಅನ್ನುವುದು ನಾನು ಕೇಳುವ ಇನ್ನೊಂದು ಪ್ರಶ್ನೆ. ಕುದುರೆಗಳು ಹೆಚ್ಚಾಗಿ ರಾತ್ರಿಯೇ ಮರಿ ಹಾಕುತ್ತವೆ. ಲಾಯದವರು ಇದಕ್ಕೆ ಒಂದು, ಎರಡು, ಮೂರು ಅನ್ನುವ ಲೆಕ್ಕ ಇಟ್ಟುಕೊಂಡಿದ್ದಾರೆ. ಒಂದು ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು. ಎರಡು ಗಂಟೆಯೊಳಗೆ ಮೊಲೆಗೆ ಬಾಯಿ ಹಾಕಬೇಕು. ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಇದರಲ್ಲಿ ಯಾವುದು ತಪ್ಪಿದರೂ ವೈದ್ಯರಿಗೆ ಫೋನ್ ಮಾಡಬೇಕು. ಗಿಣ್ಣುಹಾಲಿನ ರಕ್ಷಣೆಯನ್ನು ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಮೊದಲ ಒಂದು ದಿನ ಮಾತ್ರ ಇರುತ್ತದೆ, ಅದೂ ಗಂಟೆ ಗಂಟೆಗೂ ಕಮ್ಮಿಯಾಗುತ್ತ ಹೋಗುತ್ತದೆ. ಬೆಳಿಗ್ಗೆ ಎದ್ದು ಬಂದು ನೋಡುವ ಬ್ರೀಡರ್‌ಗೆ ಇದೆಲ್ಲ ತಿಳಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಹುಟ್ಟಿದ ಎಲ್ಲ ಮರಿಗಳಿಗೂ ಮನೆ ಸಿಗುವುದಿಲ್ಲ. ಕುದುರೆ ಮೂವತ್ತು ವರ್ಷದವರೆಗೂ ಬದುಕಬಲ್ಲ ಪ್ರಾಣಿ. ಅಷ್ಟು ವರ್ಷ ಸಾಕುವ ತಾಕತ್ತು ಎಷ್ಟು ಜನಕ್ಕಿದೆ? ಅಮೆರಿಕದ ಕೊನೆಯ ಕುದುರೆ ಕಸಾಯಿಖಾನೆಗಳು, ಟೆಕ್ಸಾಸ್‌ನವು ಮತ್ತು ಇಲಿನಾಯ್‌ನದು, 2007ರಲ್ಲಿ ಮುಚ್ಚಿದವು. ಆಮೇಲೆ ಬೇಡವಾದ ಕುದುರೆಗಳು ಹರಾಜಿನ ಅಂಗಳದಿಂದ ಲಾರಿ ಹತ್ತಿ ಮೆಕ್ಸಿಕೋಗೆ, ಕೆನಡಾಗೆ ಹೋಗುವುದು ಹೆಚ್ಚಾಯಿತು. ದಾರಿ ಇನ್ನೂ ಉದ್ದವಾಯಿತು ಅಷ್ಟೇ. ಒಳ್ಳೆಯ ಬ್ರೀಡರ್‌ಗಳು ಮಾರಾಟದ ಪತ್ರದಲ್ಲೇ ಬರೆಯುತ್ತಾರೆ, 'ಯಾವತ್ತಾದರೂ ಸಾಕಲಾಗದಿದ್ದರೆ ನಮಗೇ ವಾಪಸ್ ಕೊಡಿ' ಅಂತ. ಅಂಥವರನ್ನೂ ನಾನು ಕಂಡಿದ್ದೇನೆ. ಅವರ ಹತ್ತಿರ ಮರಿಗಳು ಕಮ್ಮಿ ಇರುತ್ತವೆ. ಕೇಳುವ ಮೊದಲೇ ತಂದೆ ತಾಯಿ ಇಬ್ಬರ ಪರೀಕ್ಷೆಯ ರಿಪೋರ್ಟ್ ಮೇಜಿನ ಮೇಲೆ ಇಡುತ್ತಾರೆ. ತಾಯಿಯನ್ನು ಕರೆದು ತೋರಿಸುತ್ತಾರೆ. ನೀವು ಕೇಳುವುದಕ್ಕಿಂತ ಜಾಸ್ತಿ ಪ್ರಶ್ನೆ ಅವರೇ ನಿಮಗೆ ಕೇಳುತ್ತಾರೆ, ಎಲ್ಲಿ ಕಟ್ಟುತ್ತೀರಿ, ಜೊತೆಗೆ ಇನ್ನೊಂದು ಕುದುರೆ ಇದೆಯಾ, ಗೊರಸು ಯಾರು ನೋಡುತ್ತಾರೆ ಅಂತ.

ಅಮೆರಿಕದಲ್ಲಿರುವ ನಮ್ಮವರು ಮಕ್ಕಳ ಆಸೆಗೆ ಕುದುರೆ ಕೊಳ್ಳುವುದನ್ನು ಈಗ ಅಲ್ಲಲ್ಲಿ ನೋಡುತ್ತಿದ್ದೇನೆ. ಕೊಳ್ಳುವ ಮೊದಲು ನಿಮ್ಮದೇ ಪಶುವೈದ್ಯರನ್ನು ಕರೆದುಕೊಂಡು ಹೋಗಿ, ಮಾರುವವರು ತೋರಿಸಿದವರನ್ನಲ್ಲ. ರಿಪೋರ್ಟ್ ಇಲ್ಲ ಅಂದರೆ ಬಾಲದ ಕೂದಲು ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಂದ ಬಂದುಬಿಡಿ. ಮರಿಯ ಕಣ್ಣು ನೋಡಿ ಪಾಪ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಆದರೆ ಪಾಪ ಅಂತ ಕೊಟ್ಟ ದುಡ್ಡಿನಲ್ಲಿ ಅದೇ ತಾಯಿಯನ್ನು ಮತ್ತೆ ಗಂಡಿಗೆ ಬಿಡುತ್ತಾರೆ. ಗೊರಸು ಡೊಂಕಾದ ಅಂಥ ತಾಯಿಯನ್ನು ಕಂಡರೆ ಅದರ ಪರವಾಗಿ ದೂರು ಕೊಡಿ. ಕೌಂಟಿಯ ಶೆರಿಫ್ ಕಚೇರಿಗೆ ಫೋಟೋ, ದಿನಾಂಕ, ಜಾಗದ ಸಮೇತ. ನಾವು ಕೊಟ್ಟೆವು. ಒಬ್ಬ ಅಧಿಕಾರಿ ಹೋಗಿ ನೋಡಿ ಬಂದರು. ಮುಂದಿನ ತಿಂಗಳು ಆ ಕಡೆ ಹೋದಾಗ ಗೊರಸು ಕತ್ತರಿಸಿತ್ತು. ಕುದುರೆಗಳು ಅಷ್ಟೇ ಇದ್ದವು.

ಪೆನ್ನಿ ಈಗ ಅದೇ ಲಾಯದಲ್ಲಿದ್ದಾಳೆ. ದಿನಕ್ಕೆ ಎರಡು ಸಲ ಅಸಿಟಜೋಲಮೈಡ್ ಮಾತ್ರೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೋಗಲಿ ಅಂತ. ಮೇವು ಒಂದೇ ಹೊತ್ತಿಗೆ ರಾಶಿ ಹಾಕುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ನಾಲ್ಕು ಹೊತ್ತು. ಹುಲ್ಲಿನ ಪ್ರತಿ ಹೊಸ ಲೋಡನ್ನೂ ಲ್ಯಾಬಿಗೆ ಕಳಿಸಿ ಪೊಟ್ಯಾಸಿಯಂ ಎಷ್ಟಿದೆ ನೋಡುತ್ತಾರೆ. ಅವಳ ಬಾಗಿಲಿಗೆ ಕೆಂಪು ಅಕ್ಷರದ ಬೋರ್ಡು ನೇತುಹಾಕಿದ್ದಾರೆ, 'ಲೂಸರ್ನ್ ಬೇಡ, ಬೆಲ್ಲ ಬೇಡ, ಏನೂ ತಿನ್ನಿಸಬೇಡಿ' ಅಂತ. ಮಕ್ಕಳನ್ನು ಅವಳ ಮೇಲೆ ಕೂರಿಸುವುದಿಲ್ಲ, ಮೇಲಿದ್ದಾಗ ಬಿದ್ದರೆ ಅಂತ ಭಯ. ಕಳೆದ ತಿಂಗಳು ಯಾರೋ ಬಂದವರು ಅವಳ ಮೈಕಟ್ಟು ನೋಡಿ, 'ಇವಳಿಂದ ಒಂದು ಮರಿ ತೆಗೆಯಬಹುದಲ್ಲ, ಒಳ್ಳೆ ಬೆಲೆ ಬರುತ್ತೆ' ಅಂದರು. ಒಡತಿ ಉತ್ತರ ಕೊಡಲಿಲ್ಲ. ಬೋರ್ಡಿನ ಕೆಳಗೆ ಸಿಕ್ಕಿಸಿದ್ದ ಲ್ಯಾಬ್ ರಿಪೋರ್ಟ್ ತೆಗೆದು ಅವರ ಕೈಗೆ ಕೊಟ್ಟರು.